ಮನೆ ಕಾವಲಿಗೆ ಕೋವಿ: ಕೈಗೆಟುಕುವ ತೋಟಾ ಯಾವುದು? ಕೊಳ್ಳುವ ಮುಂಚೆ ತಿಳಿದಿರಬೇಕಾದ ಸಂಗತಿಗಳು

ಮಡಿಕೇರಿ: ಕಾಫಿ ಕುಯ್ಲು ಶುರುವಾಯ್ತು ಅಂದ್ರೆ ಕೊಡಗಿನ ತೋಟದ ಮನೆಗಳಲ್ಲಿ ಕಾವಲಿನ ಚಿಂತೆಯೂ ಶುರು. ಕಣದಲ್ಲಿ ಒಣಗಲು ಹಾಕಿದ ಕಾಫಿ, ಗೋದಾಮಿನಲ್ಲಿ ಕಟ್ಟಿಟ್ಟ ಕರಿಮೆಣಸು, ಪಕ್ಕದ ಮನೆಗೆ ಕೂಗಿದರೂ ಕೇಳದಷ್ಟು ದೂರ. ಹೀಗಾಗಿ ವರ್ಷವಿಡೀ ಮೂಲೆಯಲ್ಲಿದ್ದ ಕೋವಿ ಹೊರಬರುತ್ತದೆ, ತೋಟಾ ಎಷ್ಟಿದೆ ಎಂದು ಲೆಕ್ಕ ಹಾಕುತ್ತಾರೆ, ಅಂಗಡಿಗೆ ಹೋಗಿ "ಕಡಿಮೆ ರೇಟಿನದ್ದು ಯಾವುದಿದೆ?" ಅಂತ ಕೇಳುತ್ತಾರೆ.

ಕೇಳುವುದರಲ್ಲಿ ತಪ್ಪಿಲ್ಲ. ಆದರೆ ತೋಟಾದ ಬೆಲೆ ಬಿಲ್ಲಿನಲ್ಲಿ ಬರೆದಷ್ಟೇ ಅಲ್ಲ. ನಿಮ್ಮ ಕೋವಿಗೆ ಹೊಂದದ ತೋಟಾ ನಳಿಗೆಯನ್ನೇ ಒಡೆಯಬಹುದು. ಮನೆ ಕಾವಲಿಗೆ ಹೊಂದದ ತೋಟಾ ಗೋಡೆ ದಾಟಿ ಹಿಂದಿನ ಲೈನ್ ಮನೆಯಲ್ಲಿ ಮಲಗಿದವರಿಗೆ ತಾಗಬಹುದು. ಲೈಸೆನ್ಸಿನಲ್ಲಿ ಇಲ್ಲದ ತೋಟಾ ಜೈಲಿಗೆ ದಾರಿ. ಈ ಮೂರನ್ನೂ ನೋಡಿ ಕೊಂಡದ್ದೇ ನಿಜವಾಗಿ ಅಗ್ಗದ ತೋಟಾ. ಆ ಕುರಿತ ಪೂರ್ಣ ಮಾಹಿತಿ ಇಲ್ಲಿದೆ.

ಮೊದಲು ಕಾಗದ ನೋಡಿ

ದೇಶದಲ್ಲಿ ಕೋವಿ ಮತ್ತು ತೋಟಾ ಎರಡಕ್ಕೂ 1959ರ ಶಸ್ತ್ರಾಸ್ತ್ರ ಕಾಯ್ದೆ ಹಾಗೂ 2016ರ ಶಸ್ತ್ರಾಸ್ತ್ರ ನಿಯಮಗಳು ಅನ್ವಯಿಸುತ್ತವೆ. 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸ್‌ದಾರರು ಗರಿಷ್ಠ 2 ಕೋವಿ ಇಟ್ಟುಕೊಳ್ಳಬಹುದು. ಮುಂಚೆ ಇದು 3 ಇತ್ತು. ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ.

ಲೈಸೆನ್ಸಿನಲ್ಲಿ ಕೋವಿಯ ಜಾತಿ, ಬೋರ್ ಮತ್ತು ನಂಬರಿನ ಜೊತೆಗೆ ಎಷ್ಟು ತೋಟಾ ಕೊಳ್ಳಬಹುದು ಎಂಬ ಮಿತಿಯೂ ಇರುತ್ತದೆ. ಅಂಗಡಿಯವರು ಅಸಲು ಲೈಸೆನ್ಸ್ ನೋಡಿ, ಕೊಟ್ಟ ತೋಟಾದ ಲೆಕ್ಕವನ್ನು ಅದರಲ್ಲೂ ತಮ್ಮ ರಿಜಿಸ್ಟರಿನಲ್ಲೂ ಬರೆಯಬೇಕು. "ಪರಿಚಯದವರಲ್ವಾ, ಬರೆಯೋದು ಬೇಡ ಬಿಡಿ" ಅನ್ನುವ ವ್ಯವಹಾರ ಬೇಡವೇ ಬೇಡ. ಲೈಸೆನ್ಸ್ ಇಲ್ಲದೆ ಕೋವಿ ಅಥವಾ ತೋಟಾ ಇಟ್ಟುಕೊಂಡರೆ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಜೈಲು ಮತ್ತು ದಂಡ.

ಕೊಡಗಿನಲ್ಲಿ ಇನ್ನೊಂದು ವ್ಯವಸ್ಥೆಯೂ ಇದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ಲೈಸೆನ್ಸಿನಿಂದ ವಿನಾಯಿತಿ ಉಂಟು. ಕೇಂದ್ರ ಗೃಹ ಸಚಿವಾಲಯ 2019ರ ಅಕ್ಟೋಬರ್‌ನಲ್ಲಿ ಇದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಈ ವಿನಾಯಿತಿಯನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2021ರಲ್ಲಿ ವಜಾ ಮಾಡಿದೆ.

ವಿನಾಯಿತಿ ಅಂದ್ರೆ ಲೆಕ್ಕವೇ ಇಲ್ಲ ಅಂತಲ್ಲ. ಜಿಲ್ಲಾಧಿಕಾರಿ ಕಚೇರಿಯ ವಿನಾಯಿತಿ ಪತ್ರ ಕೈಯಲ್ಲಿರಬೇಕು. ಜಿಲ್ಲೆಯಿಂದ ಹೊರಗೆ ಒಯ್ಯುವಾಗ ಒಂದು ರೈಫಲ್ ಮತ್ತು ಅದಕ್ಕೆ 100 ಗುಂಡು, ಒಂದು ಚರೆ ಕೋವಿ ಮತ್ತು ಅದಕ್ಕೆ 500 ತೋಟಾ ಎಂಬ ಮಿತಿ ಇದೆ. ಮದುವೆ, ಹಬ್ಬದಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂ.ವರೆಗೆ ದಂಡ ಅಥವಾ ಎರಡೂ ಆಗಬಹುದು.

ನಿಮ್ಮ ಕೋವಿ ಯಾವುದು?

ನಮ್ಮ ಕಡೆ ಮನೆಗಳಲ್ಲಿರುವುದು ಹೆಚ್ಚಾಗಿ ಮೂರು ಬಗೆ.

ಒಂದು, ಕೇಪಿನ ಕೋವಿ. ಬಾಯಿಂದ ಮದ್ದು, ಚರೆ ತುಂಬಿ, ಹಿಂದೆ ಕೇಪು ಇಟ್ಟು ಹೊಡೆಯುವಂಥದ್ದು. ಇದಕ್ಕೆ ಕರಿಮದ್ದು ಮಾತ್ರ. ತೋಟಾ ಒಡೆದು ತೆಗೆದ ಹೊಗೆರಹಿತ ಮದ್ದನ್ನು ಇದಕ್ಕೆ ತುಂಬಿದರೆ ಒತ್ತಡ ತಾಳಲಾರದೆ ನಳಿಗೆ ಸಿಡಿಯುತ್ತದೆ. ಕೈ, ಕಣ್ಣು ಹೋಗುವುದು ಹೀಗೆಯೇ.

ಎರಡು, 12 ಬೋರಿನ ಒಂಟಿನಳಿಗೆ ಅಥವಾ ಜೋಡುನಳಿಗೆ ತೋಟಾ ಕೋವಿ. ಹೆಚ್ಚಿನವರ ಹತ್ತಿರ ಇರುವುದು ಇದೇ.

ಮೂರು, ರೈಫಲ್. ಸಾಮಾನ್ಯ ನಾಗರಿಕರಿಗೆ ಸಿಗುವ ಬೋರುಗಳಲ್ಲಿ .315, .22 ಮತ್ತು .30-06 ಮುಖ್ಯ. .303, 7.62 ಮಿ.ಮೀ., 5.56 ಮಿ.ಮೀ. ಇವೆಲ್ಲ ಸೇನೆ, ಪೊಲೀಸರ ಬೋರು, ಅಂದರೆ ನಿಷೇಧಿತ ಬೋರು. "ಎಲ್ಲೋ ಸಿಕ್ತು" ಅಂತ ಇಂಥ ಒಂದು ಗುಂಡು ಮನೆಯಲ್ಲಿಟ್ಟುಕೊಂಡರೂ ಕೇಸು ದೊಡ್ಡದೇ.

ದೇಶದಲ್ಲಿ ತಯಾರಾಗುವ ತೋಟಾ ಬಹುಪಾಲು ಸರ್ಕಾರಿ ಕಾರ್ಖಾನೆಗಳದ್ದು. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿಯನ್ನು 7 ಕಂಪನಿಗಳಾಗಿ ಒಡೆದ ಮೇಲೆ ತೋಟಾದ ಕಾರ್ಖಾನೆಗಳು ಪುಣೆಯ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಅಡಿ ಬಂದಿವೆ. ವಿದೇಶಿ ತೋಟಾ ಸಾಮಾನ್ಯವಾಗಿ ದುಬಾರಿ. ಮನೆ ಕಾವಲಿನ ಮಟ್ಟಿಗೆ ಅದರಿಂದ ಆಗುವ ಹೆಚ್ಚಿನ ಉಪಯೋಗ ಏನೂ ಇಲ್ಲ.

65 ಮತ್ತು 70: ಈ ಎರಡು ಸಂಖ್ಯೆ ಮರೀಬೇಡಿ

12 ಬೋರಿನಲ್ಲಿ ಬಹಳ ಜನ ಎಡವುವುದು ಇಲ್ಲಿ. ತೋಟಾ ಕೂರುವ ಜಾಗಕ್ಕೆ ಚೇಂಬರ್ ಅನ್ನುತ್ತಾರೆ. ಅಜ್ಜನ ಕಾಲದ ಅನೇಕ ಕೋವಿಗಳ ಚೇಂಬರ್ 65 ಮಿ.ಮೀ. (ಎರಡೂವರೆ ಇಂಚು), ಈಚಿನವು ಸಾಮಾನ್ಯವಾಗಿ 70 ಮಿ.ಮೀ. (ಎರಡೂ ಮುಕ್ಕಾಲು ಇಂಚು).

ತೋಟಾದ ಮೇಲೆ ಬರೆದ ಉದ್ದ ಹೊಡೆದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹೊಡೆಯುವ ಮೊದಲು ಅದು ಗಿಡ್ಡ. ಹಾಗಾಗಿ 70ರ ತೋಟಾ 65ರ ಚೇಂಬರಿನಲ್ಲಿ ಆರಾಮಾಗಿ ಕೂರುತ್ತದೆ, ಕೋವಿ ಮುಚ್ಚಿಯೂ ಮುಚ್ಚುತ್ತದೆ. ಹೊಡೆದಾಗ ಮಾತ್ರ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ವಿಪರೀತ ಏರುತ್ತದೆ. "ಕೂತ್ಕೊಂಡ್ತಲ್ಲ, ಸರಿ ಇದೆ" ಅನ್ನುವ ಪರೀಕ್ಷೆ ಪರೀಕ್ಷೆಯೇ ಅಲ್ಲ. ಕೋವಿ ಮಡಚಿದಾಗ ನಳಿಗೆಯ ಬುಡದಲ್ಲಿ ಕೊರೆದ ಅಳತೆ ಓದಿ. ಸವೆದು ಕಾಣದಿದ್ದರೆ ಕೋವಿ ರಿಪೇರಿಯವರ ಹತ್ತಿರ ಅಳತೆ ಮಾಡಿಸಿ. 65ರ ತೋಟಾವನ್ನು 70ರ ಚೇಂಬರಿನಲ್ಲಿ ಹೊಡೆಯಬಹುದು, ಉಲ್ಟಾ ಮಾಡಬಾರದು.

ಇನ್ನೊಂದು ಎಚ್ಚರಿಕೆ: ಮನೆಯಲ್ಲಿ 12 ಬೋರ್ ಮತ್ತು 20 ಬೋರ್ ಎರಡೂ ಇದ್ದರೆ ತೋಟಾ ಒಂದೇ ಡಬ್ಬಿಯಲ್ಲಿ ಇಡಬೇಡಿ. 20ರ ತೋಟಾ 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಖಾಲಿ ಇದೆ ಅಂದ್ಕೊಂಡು ಹಿಂದಿನಿಂದ 12ರದ್ದು ತುಂಬಿ ಹೊಡೆದರೆ ನಳಿಗೆ ಸೀಳುತ್ತದೆ.

ಚರೆಯ ಲೆಕ್ಕ, ಗೋಡೆಯ ಲೆಕ್ಕ

12 ಬೋರಿನ ತೋಟಾದಲ್ಲಿ ಚರೆಯ ಗಾತ್ರಕ್ಕೆ ತಕ್ಕಂತೆ ಹೆಸರು. ಎಸ್‌ಜಿ ಚರೆ ಸುಮಾರು 8.4 ಮಿ.ಮೀ. ದಪ್ಪ, ಬಿಬಿ ಸುಮಾರು 4.1, 4ನೇ ನಂಬರು ಸುಮಾರು 3.1, 6ನೇ ನಂಬರು ಸುಮಾರು 2.6. ನಂಬರು ಹೆಚ್ಚಾದಷ್ಟೂ ಚರೆ ಸಣ್ಣ.

ಚರೆ ದಪ್ಪ ಇದ್ದಷ್ಟೂ ದೂರ ಹೋಗುತ್ತದೆ. ಆಕಾಶದ ಕಡೆ ಓರೆಯಾಗಿ ಹಾರಿಸಿದರೆ 4ನೇ ನಂಬರಿನ ಚರೆ ಸುಮಾರು 240 ಮೀಟರ್ ಹೋಗಿ ಬೀಳಬಹುದು. ಎಸ್‌ಜಿ 600 ಮೀಟರ್ ದಾಟಬಹುದು. .22 ರೈಫಲಿನ ಸಣ್ಣ ಗುಂಡು ಕೂಡ ಒಂದು ಕಿಲೋಮೀಟರಿಗಿಂತ ಆಚೆ ಬೀಳುತ್ತದೆ. .315 ಅದಕ್ಕಿಂತಲೂ ಬಹಳ ದೂರ.

ಈಗ ನಿಮ್ಮ ಮನೆಯ ಸುತ್ತ ಒಮ್ಮೆ ನೋಡಿ. ಹಿತ್ತಲಿನ ಆಚೆ ಲೈನ್ ಮನೆ ಎಷ್ಟು ದೂರ? ಅಕ್ಕನ ಮಕ್ಕಳು ಮಲಗುವ ಕೋಣೆಗೂ ಜಗಲಿಗೂ ನಡುವೆ ಇರುವುದು ಕಲ್ಲಿನ ಗೋಡೆಯೋ, ಪ್ಲೈವುಡ್ ಪಾರ್ಟಿಷನ್ನೋ? ರೈಫಲಿನ ಗುಂಡಿಗೆ ಮರದ ಬಾಗಿಲು, ಶೀಟು, ಹಂಚು, ಹಾಲೋ ಬ್ಲಾಕ್ ಇವು ತಡೆಯೇ ಅಲ್ಲ. ಎಸ್‌ಜಿ ಚರೆ ಕೂಡ ಬಾಗಿಲು ದಾಟುತ್ತದೆ. ಸಣ್ಣ ಚರೆಗೆ ಗೋಡೆ ದಾಟುವ ಬಲ ಬೇಗ ಕುಗ್ಗುತ್ತದೆ.

ಈ ಕಾರಣಕ್ಕೇ ಮನೆ ಕಾವಲಿಗೆ ರೈಫಲಿಗಿಂತ 12 ಬೋರ್ ಒಳ್ಳೆಯದು, 12 ಬೋರಿನಲ್ಲೂ ಜನ ಒತ್ತಾಗಿರುವ ಕಡೆ ಎಸ್‌ಜಿಗಿಂತ ಸಣ್ಣ ಚರೆ ಒಳ್ಳೆಯದು. ಸಾಮಾನ್ಯವಾಗಿ ರೈಫಲ್ ಗುಂಡಿಗಿಂತ 12 ಬೋರಿನ ಸಣ್ಣ ಚರೆ ತೋಟಾ ಅಗ್ಗ ಕೂಡ. ಅಂದರೆ ಇಲ್ಲಿ ಕಡಿಮೆ ಬೆಲೆಯದ್ದೇ ಕಡಿಮೆ ಅಪಾಯದ್ದೂ ಹೌದು. ಹಾಗಂತ ಸಣ್ಣ ಚರೆ ಆಟದ ಸಾಮಾನಲ್ಲ. ಕೋಣೆಯೊಳಗಿನ ನಾಲ್ಕೈದು ಮೀಟರ್ ದೂರದಲ್ಲಿ ಚರೆ ಹರಡುವುದೇ ಇಲ್ಲ, ಒಂದು ಮುಷ್ಟಿಯಷ್ಟು ಜಾಗಕ್ಕೆ ಒಟ್ಟಾಗಿ ಬಡಿಯುತ್ತದೆ. ಜೀವ ತೆಗೆಯಲು ಅಷ್ಟು ಸಾಕು. "ಚರೆ ಅಲ್ವಾ, ಸುಮ್ನೆ ಹೆದರಿಸೋಕೆ" ಎಂಬ ಮಾತು ತಪ್ಪು.

ಮನೆಯಲ್ಲಿರುವುದು ರೈಫಲ್ ಒಂದೇ ಆದರೆ, ಯಾವ ದಿಕ್ಕಿನಲ್ಲಿ ಹಾರಿಸಲೇಬಾರದು ಎಂದು ಹಗಲಲ್ಲೇ ಗುರುತು ಮಾಡಿಕೊಂಡಿರಿ. ಹಿಂದೆ ಮಣ್ಣಿನ ದಿಬ್ಬವೋ ಬರೆಯೋ ಇಲ್ಲದ ದಿಕ್ಕು ಸುರಕ್ಷಿತ ದಿಕ್ಕಲ್ಲ.

ಅಗ್ಗಕ್ಕೆ ಸಿಕ್ಕಿದ್ದು ಎಲ್ಲಾ ಅಗ್ಗವಲ್ಲ

ಮನೆಯಲ್ಲೇ ತುಂಬಿದ ತೋಟಾ: ಖಾಲಿ ತೋಟಾಕ್ಕೆ ಮತ್ತೆ ಮದ್ದು, ಚರೆ ತುಂಬಿ ಕೊಡುವವರು ಕೆಲವು ಕಡೆ ಇದ್ದಾರೆ. ಮದ್ದಿನ ತೂಕ ಅಂದಾಜಿನದ್ದು. ಹೆಚ್ಚಾದರೆ ನಳಿಗೆ ಸಿಡಿಯುತ್ತದೆ, ಕಡಿಮೆಯಾದರೆ ಚರೆ ಅರ್ಧದಲ್ಲೇ ಸಿಕ್ಕಿಕೊಂಡು ಮುಂದಿನ ಹೊಡೆತಕ್ಕೆ ಸಿಡಿಯುತ್ತದೆ. ಪರವಾನಗಿ ಇಲ್ಲದೆ ತೋಟಾ ತಯಾರಿಸಿ ಮಾರುವುದು ಅಪರಾಧವೂ ಹೌದು.

ನೆಂಟರ ಮನೆಯ ಉಳಿಕೆ ತೋಟಾ: "ನಮ್ಮ ಮಾವನ ಹತ್ರ ಹತ್ತು ಉಳಿದಿದೆ, ತಗೊಳ್ಳಿ" ಅಂದ್ರೆ ಕೈ ಮುಗಿದು ಬೇಡ ಅನ್ನಿ. ಲೆಕ್ಕದಲ್ಲಿ ಬರೆಯದ ತೋಟಾ ಕೊಟ್ಟವರಿಗೂ ತೊಂದರೆ, ಪಡೆದವರಿಗೂ ತೊಂದರೆ.

ಹಳೇ ಸ್ಟಾಕು: ಅಂಗಡಿಯಲ್ಲಿ ಡಬ್ಬಿ ಬಿಚ್ಚಿಸಿ ನೋಡಿ. ಹಿತ್ತಾಳೆಯ ಬುಡದಲ್ಲಿ ಹಸಿರು ಕಿಲುಬು, ಉಬ್ಬಿದ ಕಾಗದದ ಕವಚ, ಸಡಿಲವಾದ ಬಾಯಿ, ಒಳಗೆ ಇಳಿದ ಅಥವಾ ಎದ್ದ ಕೇಪು ಕಂಡರೆ ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ.

ಅಗ್ಗಕ್ಕೆ ಸರಿಯಾದ ದಾರಿ ಬೇರೆ. ಎರಡು ಮೂರು ಅಧಿಕೃತ ಡೀಲರುಗಳಲ್ಲಿ ರೇಟು ಕೇಳಿ. ಒಂದೇ ಬ್ರಾಂಡ್, ಒಂದೇ ಚರೆ ನಂಬರು, ಒಂದೇ ತಯಾರಿಕೆಯ ಡಬ್ಬಿ ಕೊಳ್ಳಿ. ಅದೇ ಡಬ್ಬಿಯಿಂದ ನಾಲ್ಕೈದನ್ನು ಶೂಟಿಂಗ್ ರೇಂಜಿನಲ್ಲಿ ಹೊಡೆದು ನೋಡಿ. ಸರಿಯಾಗಿ ಹೊತ್ತಿದರೆ ಉಳಿದದ್ದನ್ನು ಕಾವಲಿಗೆ ಇಡಿ. ಬಿಲ್ಲು ಪಡೆಯಿರಿ.

ಎಷ್ಟು ಇಟ್ಟುಕೊಳ್ಳಬೇಕು?

ಲೈಸೆನ್ಸಿನಲ್ಲಿ ಎಷ್ಟೇ ಬರೆದಿರಲಿ, ಮನೆ ಕಾವಲಿಗೆ ಒಂದು ಡಬ್ಬಿಗಿಂತ ಹೆಚ್ಚು ಬೇಕಾಗುವುದಿಲ್ಲ. ಹೆಚ್ಚು ಕೊಂಡು ಇಟ್ಟರೆ ನಮ್ಮ ಮಳೆಗೆ ಅದು ಹಾಳಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಶೀತಕ್ಕೆ ಬಟ್ಟೆ ಬೂಷ್ಟು ಹಿಡಿಯುವ ಊರಿನಲ್ಲಿ ತೋಟಾ ಉಳಿಯುವುದಾದರೂ ಹೇಗೆ?

ಗಾಳಿ ಆಡದ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಅಡುಗೆಮನೆಯ ಅಟ್ಟ, ಒಲೆಯ ಮೇಲಿನ ಜಾಗ ಬೇಡ. ಬೆಚ್ಚಗಿರುತ್ತದೆ ಅಂತ ಇಡುವವರಿದ್ದಾರೆ, ಅದು ಅಪಾಯ. ತೋಟಾಕ್ಕೆ ಎಣ್ಣೆ ಸವರಬೇಡಿ, ಎಣ್ಣೆ ಕೇಪಿನೊಳಗೆ ಇಳಿದು ಹೊತ್ತದಂತೆ ಮಾಡುತ್ತದೆ. ಹಳೆಯದನ್ನು ಮೊದಲು ಖರ್ಚು ಮಾಡಿ. ಹಾಳಾದ ತೋಟಾವನ್ನು ಕಸಕ್ಕೆ, ಕೆರೆಗೆ, ಬೆಂಕಿಗೆ ಹಾಕಬೇಡಿ. ಡೀಲರು ಅಥವಾ ಠಾಣೆಯಲ್ಲಿ ವಿಚಾರಿಸಿ ಒಪ್ಪಿಸಿ, ಬರೆಸಿಕೊಳ್ಳಿ.

ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ ಇರಲಿ. ತುಂಬಿದ ಕೋವಿಯನ್ನು ಬಾಗಿಲ ಹಿಂದೆ ಒರಗಿಸಿ ಇಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಕಳ್ಳ ಬರುವುದು ಯಾವಾಗಲೋ ಒಮ್ಮೆ, ಮಕ್ಕಳು ಬಾಗಿಲ ಹಿಂದೆ ಅಡಗಿ ಆಡುವುದು ದಿನಾ.

ಕುದುರೆ ಎಳೆದಾಗ ತೋಟಾ ಹೊತ್ತದಿದ್ದರೆ ತಕ್ಷಣ ಮಡಚಬೇಡಿ. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ. ತಡವಾಗಿ ಹೊತ್ತುವುದುಂಟು. ಸದ್ದು "ಟುಸ್" ಅಂದ್ರೆ ಮುಂದಿನ ತೋಟಾ ತುಂಬುವ ಮೊದಲು ನಳಿಗೆಯೊಳಗೆ ಏನಾದರೂ ಸಿಕ್ಕಿದೆಯಾ ಎಂದು ಹಿಂದಿನಿಂದ ನೋಡಲೇಬೇಕು.

ಅಂಗಡಿಯವರ ಗಮನಕ್ಕೆ

ಲೈಸೆನ್ಸ್ ಇರುವುದು ವ್ಯಕ್ತಿಗೆ, ಅಂಗಡಿಗಲ್ಲ. ಮಾಲೀಕರ ಕೋವಿಯನ್ನು ರಾತ್ರಿ ವಾಚ್‌ಮನ್ ಕೈಗೆ ಕೊಟ್ಟು ಮನೆಗೆ ಹೋಗುವಂತಿಲ್ಲ. ಆತನ ಹೆಸರನ್ನು ರಿಟೈನರ್ ಆಗಿ ಲೈಸೆನ್ಸಿನಲ್ಲಿ ಸೇರಿಸಿರಬೇಕು. ಕ್ಯಾಶ್ ಕೌಂಟರಿನ ಕೆಳಗೆ ತೋಟಾ ಬಿಟ್ಟು ಹೋಗುವುದೂ ಸಲ್ಲ, ಅಂಗಡಿಗೆ ಕನ್ನ ಹಾಕಿದವರ ಕೈಗೆ ಸಿಗುವ ಮೊದಲ ವಸ್ತು ಅದೇ ಆದೀತು.

ಸಂತೆ ಬೀದಿಯಲ್ಲಿ, ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ಇದ್ದವರಿಗೆ ಕೋವಿ ಕಾವಲಿಗೆ ಬರುವುದಕ್ಕಿಂತ ತೊಂದರೆಗೆ ಬರುವುದೇ ಹೆಚ್ಚು. ಶಟರಿಗೆ ಒಳಬೀಗ, ಸಿಸಿಟಿವಿ, ರಾತ್ರಿ ಲೈಟು, ದಿನದ ಕಲೆಕ್ಷನ್ ಅಂದೇ ಬ್ಯಾಂಕಿಗೆ: ಇಷ್ಟು ಮಾಡಿದರೆ ತೋಟಾದ ಖರ್ಚೇ ಬೇಕಿಲ್ಲ.

ಕಾಫಿ ಕದ್ದರೆ ಗುಂಡು ಹಾರಿಸಬಹುದಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ: ಬರೀ ಕಳವು ತಡೆಯಲು ಜೀವ ತೆಗೆಯುವ ಹಕ್ಕು ಯಾರಿಗೂ ಇಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕಿನ ಬಗ್ಗೆ ಹೇಳುತ್ತವೆ. ಜೀವಕ್ಕೆ ಅಥವಾ ಅಂಗಾಂಗಕ್ಕೆ ತೀವ್ರ ಅಪಾಯವಿದೆ ಎಂಬ ನಿಜವಾದ ಭಯ ಇರುವಾಗ, ದರೋಡೆಯಾಗುವಾಗ, ಸೂರ್ಯಾಸ್ತದ ನಂತರ ಸೂರ್ಯೋದಯಕ್ಕೆ ಮೊದಲು ಮನೆ ಒಡೆದು ನುಗ್ಗುವಾಗ, ವಾಸದ ಮನೆಗೆ ಬೆಂಕಿ ಇಡುವಾಗ ಈ ಹಕ್ಕು ಎದುರಾಳಿಯ ಸಾವಿನವರೆಗೂ ಹೋಗಬಹುದು. ಆದರೆ ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಪೊಲೀಸರ ಸಹಾಯ ಪಡೆಯಲು ಸಮಯ ಇದ್ದರೆ ಹಕ್ಕೇ ಇಲ್ಲ.

ಕಣದಿಂದ ಮೂಟೆ ಹೊತ್ತು ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಅದು ಆತ್ಮರಕ್ಷಣೆ ಆಗುವುದಿಲ್ಲ, ಕೊಲೆ ಕೇಸು ಆಗಬಹುದು. ಕತ್ತಲಲ್ಲಿ ಓಡುವ ನೆರಳು ಕಳ್ಳನದ್ದೇ ಎಂದು ಹೇಳಲು ಬರುವುದಿಲ್ಲ. ಬಹಿರ್ದೆಸೆಗೆ ಎದ್ದ ಕಾರ್ಮಿಕ, ತಡವಾಗಿ ಬಂದ ಮನೆಮಗ, ದಾರಿ ತಪ್ಪಿದ ಪ್ರವಾಸಿ ಯಾರೂ ಆಗಿರಬಹುದು. ಟಾರ್ಚ್ ಹಾಕಿ ಮುಖ ನೋಡದೆ ಕೋವಿ ಎತ್ತಬಾರದು. "ಗಾಳಿಯಲ್ಲಿ ಒಂದು ಹೊಡೆದೆ" ಎಂಬುದೂ ರಕ್ಷಣೆಯಲ್ಲ, ಮೇಲೆ ಹೋದ ಗುಂಡು ಎಲ್ಲಾದರೂ ಬೀಳಲೇಬೇಕು. ನಿರ್ಲಕ್ಷ್ಯದಿಂದ ಸಾವಾದರೆ 106ನೇ ಸೆಕ್ಷನ್ ಅಡಿ 5 ವರ್ಷದವರೆಗೆ ಜೈಲು.

ಮೊದಲು ಬಾಗಿಲು ಹಾಕಿಕೊಳ್ಳಿ, ಲೈಟು ಹಾಕಿ, 112ಕ್ಕೆ ಕರೆ ಮಾಡಿ, ಅಕ್ಕಪಕ್ಕದವರನ್ನು ಎಬ್ಬಿಸಿ. ಕೋವಿ ಕೊನೆಗೆ.

ಕಾಡುಹಂದಿ, ಆನೆ ತೋಟಕ್ಕೆ ಬಂದರೂ ಮಾತು ಅಷ್ಟೇ. 1972ರ ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಜೀವ ಉಳಿಸಿಕೊಳ್ಳಲು ಅನಿವಾರ್ಯವಾದಾಗ ಮಾತ್ರ ರಿಯಾಯಿತಿ. ಬೆಳೆ ತಿಂದಿತು ಅಂತ ಅನುಮತಿ ಇಲ್ಲದೆ ಹೊಡೆದರೆ ಬೇಟೆಯ ಕೇಸು.

ಮರೆತು ಸಿಕ್ಕಿಬೀಳುವ ಮೂರು ಸಂದರ್ಭ

ಚುನಾವಣೆ: ನೀತಿಸಂಹಿತೆ ಜಾರಿಯಾದಾಗ ಕೋವಿ ಠೇವಣಿ ಇಡಲು ಆದೇಶ ಬರುತ್ತದೆ. ಆದೇಶ ಯಾರಿಗೆ ಅನ್ವಯ, ಯಾರಿಗೆ ಇಲ್ಲ ಎಂಬುದನ್ನು ಓದಿ. ವಿನಾಯಿತಿ ಬೇಕಾದವರು ಜಿಲ್ಲಾ ಪರಿಶೀಲನಾ ಸಮಿತಿಗೆ ಅರ್ಜಿ ಕೊಡಬೇಕು. ಠೇವಣಿ ಇಡುವಾಗ ಕೋವಿಯ ನಂಬರಿನ ಜೊತೆ ತೋಟಾದ ಎಣಿಕೆಯನ್ನೂ ರಸೀದಿಯಲ್ಲಿ ಬರೆಸಿ.

ಮನೆಯ ಹಿರಿಯರ ಸಾವು: ಲೈಸೆನ್ಸ್‌ದಾರರು ತೀರಿಕೊಂಡ ಮೇಲೆ ಅವರ ಕೋವಿ, ತೋಟಾ ಮನೆಯಲ್ಲಿ ಹಾಗೇ ಇರುವಂತಿಲ್ಲ. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ವಿಳಂಬ ಮಾಡದೆ ಠಾಣೆಯಲ್ಲಿ ಅಥವಾ ಅಧಿಕೃತ ಡೀಲರ್ ಹತ್ತಿರ ಒಪ್ಪಿಸಿ, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ತಿಥಿ ಮುಗೀಲಿ, ಪಾಲು ಆಗ್ಲಿ ಅಂತ ವರ್ಷಗಟ್ಟಲೆ ಮುಂದೂಡಿದರೆ ಮಕ್ಕಳೇ ಆರೋಪಿಗಳಾಗುತ್ತಾರೆ.

ವಿಮಾನ ಪ್ರಯಾಣ: ತೋಟಕ್ಕೆ ಹಾಕಿಕೊಂಡು ಹೋಗುವ ಜಾಕೆಟ್, ಬ್ಯಾಗಿನಲ್ಲಿ ಒಂದು ತೋಟಾ ಮರೆತು ಉಳಿದಿರುತ್ತದೆ. ಕಣ್ಣೂರು, ಮಂಗಳೂರು, ಬೆಂಗಳೂರು ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಅದು ಕಂಡರೆ ವಿಮಾನ ತಪ್ಪುತ್ತದೆ, ಪೊಲೀಸ್ ವಿಚಾರಣೆ ಎದುರಿಸಬೇಕಾಗುತ್ತದೆ.

ಅಂಗಡಿಗೆ ಹೋಗುವಾಗ ಇಷ್ಟು ನೆನಪಿರಲಿ

* ಅಸಲು ಲೈಸೆನ್ಸ್ ಅಥವಾ ವಿನಾಯಿತಿ ಪತ್ರ ಕೈಯಲ್ಲಿರಲಿ, ಅವಧಿ ಮುಗಿದಿಲ್ಲ ಎಂದು ನೋಡಿಕೊಳ್ಳಿ.
* ಬೋರ್ ಮತ್ತು ಚೇಂಬರ್ ಉದ್ದ ಚೀಟಿಯಲ್ಲಿ ಬರೆದುಕೊಂಡು ಹೋಗಿ.
* ಜನವಸತಿ ಹತ್ತಿರ ಇದ್ದರೆ ಸಣ್ಣ ಚರೆ ಕೇಳಿ.
* ಬೇಕಾದಷ್ಟು ಮಾತ್ರ ಕೊಳ್ಳಿ, ಬಿಲ್ಲು ಮತ್ತು ಲೈಸೆನ್ಸಿನಲ್ಲಿ ನಮೂದು ಎರಡೂ ಆಗಲಿ.
* ಮನೆಗೆ ಬಂದ ಕೂಡಲೇ ಎಣಿಸಿ, ಡಬ್ಬಿಯ ಮೇಲೆ ಕೊಂಡ ತಾರೀಖು ಬರೆದು ಬೀಗ ಹಾಕಿ.

ತೋಟಾ ಕೊಳ್ಳಲು ಮಾಡುವ ಖರ್ಚು ಕೆಲವು ನೂರು ಅಥವಾ ಕೆಲವು ಸಾವಿರ ರೂಪಾಯಿ. ಒಂದು ತಪ್ಪು ಹೊಡೆತದ ಖರ್ಚನ್ನು ಮಾತ್ರ ಎರಡು ಮನೆಯವರು ಜೀವನಪೂರ್ತಿ ತೀರಿಸಬೇಕಾಗುತ್ತದೆ. ಕುಯ್ಲು ಮುಗಿದು, ಕಣ ಖಾಲಿಯಾಗಿ, ಕೊಂಡ ತೋಟಾ ಅಷ್ಟೂ ಡಬ್ಬಿಯಲ್ಲೇ ಉಳಿದಿದ್ದರೆ ಆ ವರ್ಷ ಕಾವಲು ಚೆನ್ನಾಗಿ ಆಯ್ತು ಎಂದೇ ಲೆಕ್ಕ.